ಬ್ರಸೆಲ್ಸಿನಲ್ಲಿ ಎರಡನೆಯ ಕರೆ

ರೈಲಿನಲ್ಲಿ

ಮಾರ್ಸೇಲ್ಸಿನಲ್ಲಿ ಹಡಗಿನಿಂದ ಇಳಿಯುವಾಗಲೇ ನನ್ನ ಕಾಲು ಊದಿದ್ದವು. ಬ್ರಸೆಲ್ಸ್ ಹತ್ತಿರವಾಗುವ ಹೊತ್ತಿಗೆ, ಧಾರವಾಡದಲ್ಲಿ ಅಳತೆ ಕೊಟ್ಟು ಹೊಲಿಸಿದ ಚಪ್ಪಲಿ ಬೇರೆ ಯಾರದೋ ಇರಬೇಕು ಅನ್ನಿಸತೊಡಗಿತು. ಆದ್ದರಿಂದ ಈ ಬರಹದಲ್ಲಿ ಆ ಊರಿನ ಚೆಲುವಿಗಿಂತ ಅಲ್ಲಿಯ ಕಲ್ಲುಹಾಸಿನ ಸುದ್ದಿಯೇ ಹೆಚ್ಚು ಬಂದರೆ ಓದುವವರು ಎಕ್ಸ್‌ಕ್ಯೂಸ್ ಮಾಡಬೇಕು. ಅರವತ್ತು ದಾಟಿದವರು ಲೋಕವನ್ನು ಮೊದಲು ಮೊಣಕಾಲಿನಿಂದ ನೋಡುತ್ತಾರೆ, ಆಮೇಲೆ ಕಣ್ಣಿನಿಂದ.

ನಾನು ಹೊರಟದ್ದು ಹೆಣ್ಣುಮಕ್ಕಳ ಸಾಲೆಗಳ ಶಿಕ್ಷಕಿಯರ ಕಾನ್ಫರೆನ್ಸಿಗೆ. ಹೆಡ್‌ಮಿಸ್ಟ್ರೆಸ್ ಕೆಲಸದಿಂದ ರಿಟಾಯರ್ ಆಗಿ ಮನೆಯಲ್ಲಿ ಕುಳಿತವಳನ್ನು ಆರಿಸಿದ್ದು ನನಗೆ ಫ್ರೆಂಚ್ ಬರುತ್ತದೆ ಎಂದು. ಆ ಫ್ರೆಂಚ್ ಎಷ್ಟೆಂದರೆ, ಕಾನ್ವೆಂಟಿನಲ್ಲಿ ಕಲಿತ ಪ್ರಾರ್ಥನೆಗಳು, ಐದಾರು ಹಾಡು, ಮತ್ತು "ಗದ್ದಲ ಮಾಡಬೇಡಿರಿ" ಎಂಬ ಒಂದು ವಾಕ್ಯ. ದೇವರ ಹತ್ತಿರ ರೊಟ್ಟಿ ಬೇಡಬಲ್ಲೆ, ಅಂಗಡಿಯವನ ಹತ್ತಿರ ಬೇಡಲಾರೆ.

ಜೊತೆಗೆ ಬಂದವಳು ಹುಬ್ಬಳ್ಳಿಯ ಖತೀಜಾ. ಅಲ್ಲಿಯ ಒಂದು ಉರ್ದು ಸಾಲೆಯಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಾಳೆ. ಅವಳ ಅಪ್ಪ ಹೊಲಿಗೆ ಮಷೀನು ರಿಪೇರಿ ಮಾಡುವವರು. ನನಗಿಂತ ಇಪ್ಪತ್ತೈದು ವರ್ಷಕ್ಕೆ ಚಿಕ್ಕವಳು. ಸೂಜಿ ಮತ್ತು ಮೇಣ ಹಚ್ಚಿದ ದಾರ ಇಲ್ಲದೆ ಮನೆಯ ಹೊಸ್ತಿಲು ದಾಟುವವಳಲ್ಲ. ಆ ದಾರದ ಉಪಕಾರ ಮುಂದೆ ಹೇಳುತ್ತೇನೆ.

ಫ್ರಾನ್ಸಿನ ರೈಲಿನಲ್ಲಿ ನಮ್ಮೆದುರು ಕುಳಿತ ಹೆಂಗಸು ಇಡೀ ದಿನ ನಮ್ಮನ್ನು ಒಂದು ಮಾತು ಕೇಳಲಿಲ್ಲ. ಕುದಿಸಿದ ಮೊಟ್ಟೆ ಸುಲಿದು ತಿಂದಳು, ಸಿಪ್ಪೆಯನ್ನು ಕಾಗದದಲ್ಲಿ ಮಡಚಿ ಕಟ್ಟಿದಳು, ಕಿಟಕಿಯ ಹೊರಗೆ ನೋಡಿದಳು. ಖತೀಜಾಳಿಗೆ ಇದು ಸೇರಲಿಲ್ಲ.

"ಅಕ್ಕಾರ, ಈಕಿಗೆ ನಮ್ಮ ಮ್ಯಾಲೆ ಸಿಟ್ಟೇನ್ರಿ?"

"ಸಿಟ್ಟ್ಯಾಕವಾ? ಇದು ಇವರ ಮ್ಯಾನರ್ಸು. ಗುರ್ತಿಲ್ಲದವರನ್ನ ಮಾತಾಡಸೂದಿಲ್ಲ."

"ಮಾತಾಡಸಲಾರದ ಗುರ್ತ ಹೆಂಗ ಆಗತೈತ್ರಿ?"

ಹುಬ್ಬಳ್ಳಿಯಲ್ಲಿ ರೈಲು ಹತ್ತಿದರೆ ಧಾರವಾಡ ಬರುವುದರೊಳಗೆ ಎದುರಿನವರಿಗೆ ನಮ್ಮ ತವರು, ಮಕ್ಕಳು, ಮೊಣಕಾಲು ನೋವು ಎಲ್ಲವೂ ಗೊತ್ತಾಗಿರುತ್ತದೆ. ಇಳಿಯುವಾಗ ನೋವಿಗೆ ಒಂದು ಎಣ್ಣೆಯ ಹೆಸರೂ ಸಿಕ್ಕಿರುತ್ತದೆ. ಇಲ್ಲಿ ನೋವನ್ನು ಹೇಗೆ ತಂದೆನೋ ಹಾಗೆಯೇ ಇಳಿಸಿಕೊಂಡೆ.

ಪಾನ್ಸಿಯೋಂ

ನಮಗೆ ಗೊತ್ತು ಮಾಡಿದ್ದ ವಸತಿ ಒಬ್ಬ ವಯಸ್ಸಾದ ಮದಾಮ್ ನಡೆಸುವ ಪಾನ್ಸಿಯೋಂ. ನಮ್ಮ ಖಾನಾವಳಿಯ ಮೇಲೆ ನಾಲ್ಕು ಕೋಣೆ ಕಟ್ಟಿ, ಅದರೊಳಗಿನ ಮಾತನ್ನೆಲ್ಲ ತೆಗೆದುಬಿಟ್ಟರೆ ಪಾನ್ಸಿಯೋಂ ಆಗುತ್ತದೆ. ನಾವು ಬಾಗಿಲಲ್ಲಿ ನಿಂತಿರುವಾಗಲೇ ಮದಾಮ್ ನನ್ನ ಕೈಗೆ ಒಂದು ಪತ್ರ ಕೊಟ್ಟಳು. ಅಕ್ಷರ ನೋಡಿದೊಡನೆ ಯಾರದೆಂದು ಗೊತ್ತಾಯಿತು. ಆ ಅಕ್ಷರದ ಕೆಳಗೆ ಕೈ ತಿದ್ದಿದವಳು ನಾನು.

ಬೆಳಗಾವಿಯ ಕಾನ್ವೆಂಟಿನಲ್ಲಿ ನನಗೆ ಕಲಿಸಿದ ಮದರ್ ಕ್ಲೋಟಿಲ್ಡ್ ಈ ದೇಶದವರು. ಪ್ರಕೃತಿ ಕೆಟ್ಟು ಇಪ್ಪತ್ತು ವರ್ಷದ ಹಿಂದೆ ತಿರುಗಿ ಬಂದವರು, ಈಗ ಬ್ರಸೆಲ್ಸಿನ ಅಂಚಿನ ಒಂದು ಮಠದಲ್ಲಿದ್ದರು. ಎಂಬತ್ತರ ಹತ್ತಿರ. ಊರಿನಿಂದ ಹೊರಡುವ ಮೊದಲು ನಾನು ಅವರಿಗೆ ಬರೆದಿದ್ದೆ: ಕಾನ್ಫರೆನ್ಸಿನ ಮೊದಲ ದಿನ ಗ್ರಾಂ ಪ್ಲಾಸ್ ಎಂಬ ಹಳೆಯ ಚೌಕದ ಟೌನ್ ಹಾಲಿನಲ್ಲಿ ಸ್ವಾಗತ; ಸಂಜೆ ಆರಕ್ಕೆ ಮೇಯರ್ ಎದುರಿಗೆ ಒಬ್ಬೊಬ್ಬರ ಹೆಸರು ಕರೆಯುತ್ತಾರೆ; ನನ್ನ ಹೆಸರು ಕರೆಯುವುದನ್ನು ನೀವು ಕೇಳಬೇಕೆಂದು ನನ್ನ ಆಸೆ.

ಟು ಟೆಲ್ ದ ಟ್ರೂತ್, ನಾನು ಈ ಪ್ರವಾಸಕ್ಕೆ ಒಪ್ಪಿದ್ದೇ ಇದಕ್ಕಾಗಿ. ಕಮಿಟಿಯವರಿಗೆ ಹೇಳಿರಲಿಲ್ಲ.

ಅವರ ಉತ್ತರ ಚಿಕ್ಕದು. ಸುಪೀರಿಯರ್ ನಾಳೆ ನಾಲ್ಕರಿಂದ ರಜೆ ಕೊಟ್ಟಿದ್ದಾರೆ. ಆರೂವರೆಯ ಟ್ರಾಮಿಗೆ ತಿರುಗಿ ಹೊರಡಲೇಬೇಕು. ಟೌನ್ ಹಾಲಿನ ಬಾಗಿಲ ಹತ್ತಿರ ಕುಳಿತಿರುತ್ತೇನೆ. ನನ್ನ ವಯಸ್ಸಿಗೆ ಇಂಥ ರಜೆ ಎರಡನೆಯ ಸಲ ಸಿಗುವುದಿಲ್ಲ, ಚೈಲ್ಡ್.

ಮರುದಿನ ಮಧ್ಯಾಹ್ನ ಮೂರೂವರೆಗೇ ನಾವಿಬ್ಬರೂ ತಯಾರಾದೆವು. ನಾನು ಇಳಕಲ್ ಸೀರೆ ಉಟ್ಟೆ, ಮೇಲೆ ಶಾಲು ಹೊದ್ದೆ. ಖತೀಜಾ ಬಿಳಿಯ ಓಢಣಿಗೆ ತಾನೇ ಅಂಚು ಹೊಲಿದುಕೊಂಡಿದ್ದಳು. ಕೆಳಗಿನ ಹಾಲಿನಲ್ಲಿ ಎರಡು ಕುರ್ಚಿಯ ಮೇಲೆ ಸ್ವಾಗತದ ಆಮಂತ್ರಣ ಕಾರ್ಡು ಹಿಡಿದು ಕುಳಿತೆವು. ಕಾರ್ಡಿನಲ್ಲಿ ನಾಲ್ಕೂವರೆ ಎಂದು ಅಚ್ಚಾಗಿತ್ತು. ಉಳಿದ ದೇಶಗಳ ಶಿಕ್ಷಕಿಯರು ಒಬ್ಬೊಬ್ಬರಾಗಿ ಟೊಪ್ಪಿಗೆ ಸರಿಮಾಡಿಕೊಳ್ಳುತ್ತ ನಮ್ಮೆದುರಿಗೇ ಹೊರಗೆ ಹೋದರು. ಸ್ಕಾಟ್ಲೆಂಡಿನ ಒಬ್ಬಾಕೆ "ಕಮಿಂಗ್?" ಎಂದು ಕೇಳಿದಳು. "ಎಸ್, ಎಸ್," ಎಂದೆ, ಏಳಲಿಲ್ಲ. ಜೊತೆಗೆ ಉಣ್ಣುವವರು ಕರೆದರೆ ಅದು ಕರೆಯಲ್ಲ.

ನಮ್ಮ ಕಡೆಯ ರೀತಿ ಓದುವವರಿಗೆ ಗೊತ್ತೇ ಇದೆ. ಮುಂಜಾನೆ ಬಂದು ಊಟಕ್ಕೆ ಹೇಳಿ ಹೋಗುವುದು ಮೊದಲನೆಯ ಕರೆ. ಎಲೆ ಹಾಕಿದ ಮೇಲೆ ಆ ಮನೆಯವರು ಮತ್ತೆ ಬಂದು ಬಾಗಿಲಲ್ಲಿ ನಿಂತು "ಎಲಿ ಹಾಕೇವಿ, ಏಳ್ರಿ" ಅನ್ನಬೇಕು. ಅದು ಆಗುವವರೆಗೆ ಮಾನವಂತರು ಜಾಗ ಬಿಟ್ಟು ಏಳುವುದಿಲ್ಲ. ನಮ್ಮೂರು ಅಮ್ಮಿನಬಾವಿಯಲ್ಲಿ ನನ್ನ ಅಪ್ಪ, ಎರಡು ಮನೆಯಾಚೆಯ ಮದುವೆಗೆ ರುಮಾಲು ಸುತ್ತಿಕೊಂಡು ಕಟ್ಟೆಯ ಮೇಲೆ ಹೊತ್ತು ಮುಳುಗುವವರೆಗೆ ಕುಳಿತಿದ್ದರು. ಕರೆಯುವವನು ನಮ್ಮ ಮನೆ ಮರೆತಿದ್ದ. ಹೋಳಿಗೆಯ ವಾಸನೆ ನಮ್ಮ ಪಡಸಾಲೆಗೆ ಬರುತ್ತಿತ್ತು. ಅಪ್ಪ ಒಳಗೆ ಬಂದು ರೊಟ್ಟಿ ಉಂಡು ಮಲಗಿದರು. ಆ ಮನೆಯವರ ಜೊತೆ ಮೂರು ವರ್ಷ ಮಾತಾಡಲಿಲ್ಲ.

ನಾನು ಅದೇ ಅಪ್ಪನ ಮಗಳು. ಷೇಕ್‌ಹ್ಯಾಂಡ್ ಕಲಿತೆ, ಫೋರ್ಕ್ ಹಿಡಿಯುವುದು ಕಲಿತೆ, ಇದೊಂದು ಬಿಡಲಿಲ್ಲ. ಖತೀಜಾಳದೂ ಅದೇ ರೀತಿ. ಅವರ ಓಣಿಯಲ್ಲಿ ದಾವತ್ ಇದ್ದರೆ ಅನ್ನ ಇಳಿಸಿದ ಮೇಲೆ ಒಬ್ಬರು ಬಂದು ಬಾಗಿಲ ಚಿಲಕ ಬಡಿಯುತ್ತಾರಂತೆ. ಅದಕ್ಕೆ ಅವಳೂ ಐದು ಗಂಟೆಯವರೆಗೆ ಸುಮ್ಮನೆ ಕುಳಿತಳು. ಕಾರ್ಡಿನಲ್ಲಿ ನಾಲ್ಕೂವರೆ ಎಂದಿದ್ದರೆ ನಮ್ಮೂರ ಲೆಕ್ಕಕ್ಕೆ ಅದು ಆರೇ. ಇನ್ನೊಂದು ಮಾತೂ ಖರೆ: ಊದಿದ ಕಾಲಿಗೆ ಆ ರೀತಿ ಬಹಳ ಅನುಕೂಲವಾಗಿ ಕಂಡಿತು.

"ಅಕ್ಕಾರ, ಯಾರೂ ಬರೂಹಂಗ ಕಾಣೂದಿಲ್ರಿ," ಎಂದಳು ಖತೀಜಾ.

"ಬರ್ತಾರ ತಡಿ. ಗಾಡಿ ಸಿಕ್ಕಿರಾಕಿಲ್ಲ."

"ಗಾಡಿ ಇವರದ, ರಸ್ತೆ ಇವರದ, ಅದ್ಹೆಂಗ ಸಿಗೂದಿಲ್ರಿ? ನಿಮ್ಮ ಮದರ್ ಆರೂವರಿಗೆ ಎದ್ದ ಹೋಗತಾರ. ಮೇಯರ್ ಸಾಹೇಬರು ಬಂದು ಕರೀಲಿ ಅಂತ ಕುಂತ್ರ ಅವರೂ ಇಲ್ಲ, ಇವರೂ ಇಲ್ಲ."

ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಗೋಡೆಯ ಗಡಿಯಾರ ಐದೂ ಹತ್ತು ತೋರಿಸುತ್ತಿತ್ತು. ನಲವತ್ತು ವರ್ಷ ಹುಡುಗಿಯರಿಗೆ ಪಂಕ್ಚುಯಾಲಿಟಿ ಹೇಳಿಕೊಟ್ಟವಳು ಕಾರ್ಡು ಹಿಡಿದು ಕುರ್ಚಿಯಿಂದ ಎದ್ದೆ. ಮದಾಮ್ ಬಾಗಿಲು ತೆಗೆದಳು. ಇಷ್ಟು ಹೊತ್ತು ಇವರು ಯಾರಿಗಾಗಿ ಕಾಯುತ್ತಿದ್ದರು ಎಂದು ಅವಳು ಕೇಳಲಿಲ್ಲ. ಅದೂ ಅವರ ಮ್ಯಾನರ್ಸು.

ಟ್ರಾಮು

ನಮ್ಮಲ್ಲಿ ಗಾಡಿಗಳು ರಸ್ತೆಯ ಎಡಕ್ಕೆ ಹೋಗುತ್ತವೆ, ಅಲ್ಲಿ ಬಲಕ್ಕೆ. ಇದನ್ನು ಹಡಗಿನಲ್ಲಿ ಯಾರೋ ಹೇಳಿದ್ದರು. ಆದರೆ ಮೈಗೆ ಗೊತ್ತಿರಲಿಲ್ಲ. ಎಡಗಡೆ ನಿಂತೆವು, ಬಂದ ಟ್ರಾಮು ಹತ್ತಿದೆವು. ಸೀಟಿನ ಮೇಲೆ ಒಂದು ನಾಯಿ ತನ್ನ ಯಜಮಾನಿಯ ಪಕ್ಕದಲ್ಲಿ ನೆಟ್ಟಗೆ ಕುಳಿತಿತ್ತು. ಮುದುಕಿ ನಿಂತಿದ್ದಾಳೆಂದು ಅದಕ್ಕೂ ಅನ್ನಿಸಲಿಲ್ಲ, ಅವಳಿಗೂ ಅನ್ನಿಸಲಿಲ್ಲ. ನಾಲ್ಕು ನಿಲ್ದಾಣ ಆದ ಮೇಲೆ ಕಂಡಕ್ಟರ್ ನನ್ನ ಕಾರ್ಡು ನೋಡಿ, ನಾವು ಬಂದ ದಿಕ್ಕಿಗೇ ಕೈ ತೋರಿಸಿದ.

ಇಳಿದೆವು. ಇನ್ನು ಟ್ರಾಮಿನ ಸಹವಾಸ ಬೇಡ ಎಂದು ನಡೆಯತೊಡಗಿದೆವು. ನಮ್ಮಲ್ಲಿ ದಾರಿ ಕೇಳಿದರೆ ಯಾರ ಮನೆಗೆ, ಯಾತಕ್ಕೆ, ಅವರು ನಿಮಗೆ ಏನಾಗಬೇಕು ಎಂದು ಮೊದಲು ವಿಚಾರಣೆಯಾಗುತ್ತದೆ. ಆಮೇಲೆ ದಾರಿ. ಇಲ್ಲಿ ಕಂಕುಳಲ್ಲಿ ಉದ್ದ ಬ್ರೆಡ್ಡು ಹಿಡಿದ ಒಬ್ಬ ಗೃಹಸ್ಥ ಕಾರ್ಡು ಓದಿದ, ತಿರುಗಿದ, ನಮ್ಮ ಮುಂದೆ ಮುಂದೆ ನಡೆದ. ಮೂರು ಓಣಿ ಒಂದು ಮಾತಿಲ್ಲದೆ ನಡೆದ. ಅವನ ಹಿಂದೆ ನಾನು, ನನ್ನ ಹಿಂದೆ ಖತೀಜಾ. ನೋಡಿದವರು ನಮ್ಮನ್ನು ಅವನು ಹಿಡಿದುಕೊಂಡು ಹೋಗುತ್ತಿದ್ದಾನೆ ಅಂದುಕೊಂಡಿರಬೇಕು. ಕೊನೆಗೆ ಒಂದು ಗೋಪುರದ ಕಡೆ ಬೆರಳು ಮಾಡಿ, ಟೊಪ್ಪಿಗೆ ಎತ್ತಿ, ಬಂದ ದಾರಿಯಲ್ಲೇ ತಿರುಗಿ ಹೋದ. ಅವನ ಮನೆ ಆ ಕಡೆ ಇರಲೇ ಇಲ್ಲ. ಮಾತಾಡದವರ ಮೇಲಿನ ನನ್ನ ಸಿಟ್ಟು ಅಲ್ಲಿ ಸ್ವಲ್ಪ ಇಳಿಯಿತು.

ಗೋಪುರ ಕಾಣುವುದು ಬೇರೆ, ಮುಟ್ಟುವುದು ಬೇರೆ. ಆ ಊರಿನ ಹಾಸುಗಲ್ಲುಗಳು ಒಂದೊಂದೂ ನಮ್ಮ ಜೋಳದ ಉಂಡೆಯ ಹಾಗೆ ದುಂಡಗೆ. ನೂರು ಹೆಜ್ಜೆ ಆಗಿರಲಿಲ್ಲ, ನನ್ನ ಬಲಗಾಲಿನ ಚಪ್ಪಲಿಯ ಪಟ್ಟಿ ಕಿತ್ತಿತು. ಒಂದು ಚರ್ಚಿನ ಮೆಟ್ಟಿಲ ಮೇಲೆ ಖತೀಜಾ ನನ್ನನ್ನು ಕೂರಿಸಿದಳು. ಸೂಜಿ ತೆಗೆದು ಚಪ್ಪಲಿಯನ್ನು ಮಡಿಲಲ್ಲಿಟ್ಟುಕೊಂಡು ಹೊಲಿಯತೊಡಗಿದಳು.

"ಲಗೂ ಮಾಡವಾ."

"ಲಗೂ ಮಾಡಿದ್ರ ಲಗೂ ಕೀಳತೈತ್ರಿ. ಎರಡ ತಾಸು ಕುರ್ಚಿ ಮ್ಯಾಲೆ ಕುಂತಾಗ ಇಲ್ಲದ ಅವಸರ ಈಗ್ಯಾಕ?"

ಒಂದು ಕಾಲಿನಲ್ಲಿ ಚಪ್ಪಲಿ, ಒಂದು ಕಾಲು ಬರಿದು, ಹಾಗೆ ಕುಳಿತೆ. ಚರ್ಚಿಗೆ ಬಂದ ಒಬ್ಬ ಅಜ್ಜಿ ನನ್ನ ಕಾಲು ನೋಡಿ ಶಿಲುಬೆಯ ಗುರುತು ಮಾಡಿಕೊಂಡು ಒಳಗೆ ಹೋದಳು.

ಚೌಕ

ಚೌಕ ಮುಟ್ಟಿದಾಗ ಆರಕ್ಕೆ ಹತ್ತು ನಿಮಿಷ ಇತ್ತು. ನಾಲ್ಕೂ ಕಡೆ ಎತ್ತರದ ಹಳೆಯ ಮನೆಗಳು, ಅವುಗಳ ಮುಖಕ್ಕೆ ಬಂಗಾರದ ಬಣ್ಣ, ಸಂಜೆಯ ಬಿಸಿಲು ಅದರ ಮೇಲೆ. ಚೆಲುವಾಗಿತ್ತು, ವೆರಿ ಗ್ರ್ಯಾಂಡ್. ಆ ಹೊತ್ತಿಗೆ ನನಗೆ ಕಂಡದ್ದು ಮಾತ್ರ ಟೌನ್ ಹಾಲಿನ ಬಾಗಿಲು ಮತ್ತು ಅದರ ಪಕ್ಕದ ಬೆಂಚು. ಬೆಂಚಿನ ಮೇಲೆ ಯಾರೂ ಇರಲಿಲ್ಲ.

ಬಾಗಿಲಲ್ಲಿ ಬೆಳ್ಳಿಯ ಸರಪಳಿ ಹಾಕಿಕೊಂಡ ಒಬ್ಬ ದ್ವಾರಪಾಲಕ. ನನ್ನ ಸೀರೆ ನೋಡಿ ಅವನ ಮುಖ ಅರಳಿತು. ಅವನು ನಿಧಾನವಾಗಿ ಹೇಳಿದ್ದರಿಂದ ನನ್ನ ಕಾನ್ವೆಂಟ್ ಫ್ರೆಂಚಿಗೂ ಎಟುಕಿತು: ಒಬ್ಬ ಮುದುಕಿ ಸನ್ಯಾಸಿನಿ ಇಲ್ಲಿ ಕುಳಿತಿದ್ದಳು. ಎಲ್ಲರೂ ಒಳಗೆ ಹೋದರು, ನೀವು ಬರಲಿಲ್ಲ. ಆ ದೇಶದವರು ಹಾಗೆಲ್ಲ ಬರುವುದಿಲ್ಲ, ನಾನೇ ಹೋಗಿ ಕರೆಯಬೇಕು ಎಂದು ಎದ್ದಳು. ಬೇಡವೆಂದೆ, ಕೇಳಲಿಲ್ಲ. ಆಗಲೇ ಅರ್ಧ ತಾಸಾಯಿತು.

ಮದರ್ ಇದನ್ನು ಹಿಂದೊಮ್ಮೆ ಮಾಡಿದ್ದರು.

ಹನ್ನೆರಡಕ್ಕೆ ನನ್ನನ್ನು ಕಾನ್ವೆಂಟಿನಿಂದ ಬಿಡಿಸಿ ಮದುವೆ ಮಾಡಿದರು. ಹದಿನಾಲ್ಕಕ್ಕೆ ಗಂಡ ತೀರಿಕೊಂಡ. ಅಮ್ಮಿನಬಾವಿಯ ಒಳಮನೆಯಲ್ಲಿ ಕುಳಿತಿದ್ದೆ. ಮದರ್ ಚಕ್ಕಡಿಯಲ್ಲಿ ಬಂದು, ಹುಡುಗಿಯನ್ನು ಸಾಲೆಗೆ ಕಳಿಸಿರಿ ಎಂದು ಅಪ್ಪನನ್ನು ಕೇಳಿದರು. ಅಪ್ಪ ಹಾಲು ಕೊಟ್ಟು, "ಕಳಸ್ತೇವ್ರಿ" ಎಂದು ಹೇಳಿ, ಕಳಿಸಲಿಲ್ಲ. ತಿರುಗಿ ಹೋಗುವಾಗ ಅವರಿಗೆ ಚಕ್ಕಡಿ ಹೊಡೆಯುವವನು ಹೇಳಿದನಂತೆ, "ಒಂದ ಕರೀಗೆ ಈ ಕಡೆ ಯಾರೂ ಏಳೂದಿಲ್ರಿ." ತಿಂಗಳಾದ ಮೇಲೆ ಅವರು ಮತ್ತೆ ಬಂದರು. ಒಳಗೆ ಬರಲಿಲ್ಲ. ಹೊಸ್ತಿಲಲ್ಲಿ ನಿಂತು "ಕರಿಯಾಕ ಬಂದೇನಿ" ಎಂದರು. ಎರಡನೆಯ ಸಲ ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸುವುದು ಅಪ್ಪನಿಗೆ ಗೊತ್ತಿರಲಿಲ್ಲ. ನಾನು ಎದ್ದೆ. ನನ್ನ ಬಾಳಿನಲ್ಲಿ ಆಮೇಲೆ ಆದದ್ದೆಲ್ಲ ಹಾಗೆ ಎದ್ದದ್ದರಿಂದಲೇ ಆದದ್ದು.

ಒಳಗಿನಿಂದ ಮೈಕಿನ ಧ್ವನಿ ಕೇಳಿಸಿತು. ಹೆಸರು ಕರೆಯಲು ಶುರು ಮಾಡುತ್ತಿದ್ದರು.

"ಅಕ್ಕಾರ, ಒಳಗ ನಡೀರಿ," ಎಂದಳು ಖತೀಜಾ. "ನಿಮ್ಮ ಹೆಸರು ಬರೂ ಹೊತ್ತಾತು."

"ನೀ ಹೋಗು. ನಿನ್ನ ಕಾರ್ಡು ನಿನ್ನ ಕಡೆ ಐತಿ."

"ಇದಕ್ಕಂತ ಸಮುದ್ರ ದಾಟಿ ಬಂದ್ರಿ."

"ಇದಕ್ಕಲ್ಲವಾ," ಎಂದೆ. ಅವಳು ನನ್ನ ಶಾಲು ಸರಿಮಾಡಿ ಒಳಗೆ ಹೋದಳು. ದ್ವಾರಪಾಲಕ ತೋರಿಸಿದ ಓಣಿಗೆ ನಾನು ಇಳಿದೆ.

ಕಲ್ಲುಬೆಂಚು

ಅವರಿಗೆ ಬಹಳ ದೂರ ನಡೆಯಲು ಆಗಿರಲಿಲ್ಲ. ಎರಡನೆಯ ಓಣಿಯ ಟ್ರಾಮ್ ನಿಲ್ದಾಣದಲ್ಲಿ, ಲೇಸು ಮಾರುವ ಅಂಗಡಿಯ ಮುಂದೆ, ಕಲ್ಲುಬೆಂಚಿನ ಮೇಲೆ ಛತ್ರಿಗೆ ಗದ್ದ ಊರಿ ಕುಳಿತಿದ್ದರು. ನನ್ನ ನೆನಪಿನಲ್ಲಿದ್ದವರ ಅರ್ಧದಷ್ಟಾಗಿದ್ದರು. "ಮದರ್," ಎಂದೆ. ತಿರುಗಲಿಲ್ಲ. ಹತ್ತಿರ ಹೋಗಿ ಮತ್ತೆ ಕರೆದೆ. ತಿರುಗಲಿಲ್ಲ. ಭುಜ ಮುಟ್ಟಿದೆ.

ಮೊದಲು ಸೀರೆಯ ಸೆರಗನ್ನು ನೋಡಿದರು, ಆಮೇಲೆ ಮುಖ. ಓಣಿಗೆಲ್ಲ ಕೇಳುವ ಧ್ವನಿಯಲ್ಲಿ, ಬೆಳಗಾವಿಯ ಕನ್ನಡದಲ್ಲಿ, "ಎಲಿ ಹಾಕ್ಯಾರ, ಏಳು, ನೀಲವ್ವ," ಎಂದರು. ನಿಂತವಳು ನಾನು, ಕುಳಿತವರು ಅವರು.

ಪಕ್ಕದಲ್ಲಿ ಕುಳಿತು ತಡವಾದ ಕಾರಣ ಹೇಳತೊಡಗಿದೆ. ಅವರು ತಲೆ ಆಡಿಸಿ ಕಿವಿಯ ಮೇಲೆ ಕೈ ಇಟ್ಟುಕೊಂಡರು. "ನಾಲ್ಕು ವರ್ಷ ಆಯಿತು, ಚೈಲ್ಡ್. ಗಂಟೆಯೂ ಕೇಳುವುದಿಲ್ಲ. ಬರೆ."

ಹೆಸರು ಕರೆಯುವುದನ್ನು ಕೇಳಿಸಬೇಕೆಂದು ಎರಡು ಸಮುದ್ರ ದಾಟಿ ಬಂದಿದ್ದೆ. ನನಗೆ ನಗು ಬಂತೋ ಅಳು ಬಂತೋ, ದಣಿವಿನಲ್ಲಿ ಎರಡೂ ಒಂದೇ ಥರ ಇರುತ್ತವೆ. ಕೈಯಲ್ಲಿ ಇದ್ದ ಕಾಗದ ಆ ಕಾರ್ಡು ಒಂದೇ. ಅವರು ಪೆನ್ಸಿಲು ಕೊಟ್ಟರು. ಕಾರ್ಡಿನ ಬೆನ್ನಿಗೆ ಬರೆದೆ: ಕೇಳುವುದಿಲ್ಲವೆಂದು ಯಾಕೆ ತಿಳಿಸಲಿಲ್ಲ?

ಓದಿ ನಕ್ಕರು. "ತಿಳಿಸಿದ್ದರೆ ನೀನು ಬರುತ್ತಿದ್ದೆಯೋ ಇಲ್ಲವೋ. ಹೆಸರು ಕರೆದಾಗ ನಿನ್ನ ಮುಖ ನೋಡಬಹುದಿತ್ತಲ್ಲ, ಅದಕ್ಕೆ ಕಿವಿ ಯಾಕೆ?" ಆಮೇಲೆ ಕಾರ್ಡನ್ನು ಕಣ್ಣ ಹತ್ತಿರ ಹಿಡಿದು, "ನಾನ್‌ಸೆನ್ಸ್, ಅಕ್ಷರ ಬಲಕ್ಕೆ ಬಾಗಬೇಕು, ಮಲಗಬಾರದು. ಬಹಳ ಸೋಮಾರಿಯಾಗಿದ್ದೀ," ಎಂದರು.

ಅವರು ಕೇಳಿದರು, ನಾನು ಬರೆದೆ. ಕಾನ್ವೆಂಟಿನ ಅಂಗಳದ ಹುಣಸೆಮರ ಇದೆಯೋ? ಇದೆ. ನಿನ್ನ ಜೊತೆಯ ಹುಡುಗಿಯರು? ಒಬ್ಬಳು ಉಳಿದಿದ್ದಾಳೆ, ಪುಣೆಯಲ್ಲಿ. ಅಪ್ಪ? ಹೋದರು. ಕೊನೆಗೆ ಏನಾದರೂ ಅಂದರೋ? "ಆ ಅಮ್ಮಾರು ಎರಡನೇ ಸಲ ಬರಬಾರದಿತ್ತು, ಬಂದದ್ದು ಛಲೋ ಆತು ಅಂದರು," ಎಂದು ಬರೆದೆ. ಅದನ್ನು ಅವರು ಎರಡು ಸಲ ಓದಿದರು.

ಚೌಕದ ಕಡೆಯಿಂದ ಆರರ ಗಂಟೆ ಯಾವಾಗಲೋ ಬಡಿದಿತ್ತು. ಕಾರ್ಡಿನ ಅಂಚಿನಲ್ಲೂ ಜಾಗ ಉಳಿಯಲಿಲ್ಲ. ಹೇಳಲೇಬೇಕೆಂದು ಮನೆಯಿಂದ ಕಟ್ಟಿಕೊಂಡು ಬಂದ ಮಾತು ಹಾಗೆಯೇ ಉಳಿದಿತ್ತು. ಅಷ್ಟರಲ್ಲಿ ಆರೂವರೆಯ ಟ್ರಾಮು ಬಂತು.

ಕಂಡಕ್ಟರ್ ಅವರ ಒಂದು ತೋಳು ಹಿಡಿದ, ನಾನು ಹಿಂದಿನಿಂದ ದೂಡಿದೆ. ನನ್ನನ್ನೇ ಯಾರಾದರೂ ದೂಡಬೇಕಾದ ಸ್ಥಿತಿ. ಮೇಲೆ ನಿಂತು ಅವರು ಕಾರ್ಡನ್ನು ಜೇಬಿಗೆ ಸೇರಿಸಿದರು. "ಇದು ನನಗಿರಲಿ. ಎಲ್ಲಿ ಹೋಗಿದ್ದೆ ಅಂತ ಸುಪೀರಿಯರ್ ಕೇಳುತ್ತಾರೆ."

ನಮ್ಮಲ್ಲಿ ಹಿರಿಯರಿಗೆ ಥ್ಯಾಂಕ್ಸ್ ಹೇಳುವ ರೂಢಿಯಿಲ್ಲ. ಕಾಲು ಮುಟ್ಟುತ್ತೇವೆ. ಟ್ರಾಮಿನ ಮೇಲೆ ನಿಂತವರ ಕಾಲು ನನ್ನ ನಡುವಿನ ಎತ್ತರಕ್ಕಿತ್ತು. ಮೊಣಕಾಲು ಬಗ್ಗಿಸುವ ಕಷ್ಟವಿರಲಿಲ್ಲ. ಕೈ ಚಾಚಿ ಅವರ ಕಪ್ಪು ಬೂಟುಗಳನ್ನು ಮುಟ್ಟಿದೆ, ಕಣ್ಣಿಗೆ ಒತ್ತಿಕೊಂಡೆ. ಕಂಡಕ್ಟರ್ ಏನೋ ಬಿದ್ದಿದೆ ಎಂದು ಕೆಳಗೆ ಬಗ್ಗಿ ನೋಡಿದ. ಮದರ್ ನನ್ನ ತಲೆಯ ಮೇಲೆ ಕೈ ಇಟ್ಟರು. ಟ್ರಾಮು ಹೊರಟಿತು.

ಮತ್ತೆ ಚೌಕ

ಟೌನ್ ಹಾಲಿನ ಬಾಗಿಲಿಗೆ ಬಂದೆ. ಬೆಳ್ಳಿ ಸರಪಳಿಯವನು ಹೋಗಿ ಬೇರೆಯವನು ಬಂದಿದ್ದ. ಕಾರ್ಡು ಕೇಳಿದ. ಇಲ್ಲ ಎಂದೆ. ಕೈ ಅಡ್ಡ ಮಾಡಿದ, ಬಹಳ ಮರ್ಯಾದೆಯಿಂದ. ನಾನೂ ಜಗಳಾಡಲಿಲ್ಲ, ಒಳಗೆ ಮೆಟ್ಟಿಲುಗಳು ಬಹಳ ಇದ್ದವು. ಬೆಂಚಿನ ಮೇಲೆ ಕುಳಿತು ಚಪ್ಪಲಿ ಬಿಟ್ಟೆ. ಖತೀಜಾಳ ಹೊಲಿಗೆ ಒಂದು ಎಳೆಯೂ ಸಡಿಲಾಗಿರಲಿಲ್ಲ.

ಸ್ವಲ್ಪ ಹೊತ್ತಿಗೆ ಅವಳೂ ಹೊರಗೆ ಬಂದಳು. ನನ್ನನ್ನು ನೋಡಿ ಮೊದಲು ಕೇಳಿದ್ದು, "ಸಿಕ್ರೇನ್ರಿ?"

"ಸಿಕ್ರು."

ಅವಳು ಪಕ್ಕದಲ್ಲಿ ಕುಳಿತಳು. "ಒಳಗ ಎಲ್ಲಾರೂ ನಿಂತ ತಿಂತಾರ್ರಿ, ದನಾ ಗೋದಲಿ ಮುಂದ ನಿಂತಂಗ. ತಿನ್ನೂದರ ಏನು, ಉಗುರಿನಷ್ಟ ಬಿಸ್ಕೀಟು."

"ನನ್ನ ಹೆಸರು ಕರದ್ರೇನು?"

"ಎರಡ ಸಲ ಕರದ್ರು. ಯಾರೂ ಓಗೊಡಲಿಲ್ಲ. ಅಷ್ಟ ಮಂದಿ ನಡುವ ನಿಮ್ಮ ಹೆಸರ ಹಂಗ ನಿಂತದ್ದ ನನಗ ನೋಡಾಕ ಆಗಲಿಲ್ರಿ. ಕೈ ಎತ್ತಿ 'ಬರಾಕತ್ತಾರ್ರಿ' ಅಂದೆ."

"ಕನ್ನಡದಾಗ?"

"ಮತ್ತ್ಯಾವುದರಾಗ ಅನ್ನಲಿ? ಆ ಹೊತ್ತಿಗೆ ಬಾಯಿಗೆ ಬಂದದ್ದ ಅದು. ಎಲ್ಲಾರೂ ಚಪ್ಪಾಳಿ ಬಡದ್ರು. ಮೇಯರ್ ಸಾಹೇಬ್ರು ಬಾಗಿಲ ಕಡೆ ನೋಡಿ ಸ್ವಲ್ಪ ಹೊತ್ತ ಕಾಯ್ದ್ರು." ನನ್ನ ಮುಖವನ್ನೇ ನೋಡುತ್ತ ಕೇಳಿದಳು, "ಖರೇ ಹೇಳ್ರಿ, ಬರಾಕತ್ತಿದ್ರೇನು?"

"ಇಲ್ಲವಾ. ನಂದು ಊಟ ಆಗಿತ್ತು."

ಅವಳು ಓಢಣಿಯ ತುದಿಯ ಗಂಟು ಬಿಚ್ಚಿದಳು. ನನಗೆಂದು ಕಟ್ಟಿಕೊಂಡು ಬಂದ ಎರಡು ಬಿಸ್ಕೀಟು ಅದರಲ್ಲಿದ್ದವು. "ಹಂಗಾರ ಇವನ್ನ ನಾನ ತಿಂದ ಬಿಡ್ಲೇನ್ರಿ?"

"ತಡಿ," ಎಂದೆ. "ಒಂದು ಇತ್ಲಾಗ ಕೊಡು." ಔತಣಕ್ಕೆ ಹೋಗುವವಳೆಂದು ಮುಂಜಾನೆಯಿಂದ ನಾನು ಏನೂ ತಿಂದಿರಲಿಲ್ಲ.